ಮೂರನೆಯ ಕೆಂಪು ಬಟ್ಟೆ

ಕಾಡು ಮರಳಿದ ನೂರ ಹದಿನೇಳನೆಯ ವರ್ಷ
ಎರಡನೆಯ ಚೈತ್ರದ ಮೂವತ್ತೆರಡನೆಯ ದಿನ, ಬೆಳಗಿನ ಚಹಾ ಆರುತ್ತಿರುವ ಹೊತ್ತು
ಕೆಂಪುಗುಂಡಿ, ಸಂಡೂರಿನ ಗುಡ್ಡಸಾಲು

ಮೆಹರ್ ಅವರಿಗೆ,

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿರಬೇಕು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಚೈತ್ರ ಒಂದೇ ಇತ್ತು, ಅದೂ ಮೂವತ್ತು ದಿನದೊಳಗೆ ಮುಗಿಯುತ್ತಿತ್ತು ಎಂದು ಕೇಳಿ ಬಲ್ಲೆ. ಬೇಸಿಗೆ ಬೆಳೆದು ಬೆಳೆದು ಪಂಚಾಂಗದ ಹೊರಗೆ ಕಾಲು ಚಾಚಿದಾಗ ನಮ್ಮ ಮುತ್ತಜ್ಜಿಯರು ಬೇರೆ ದಾರಿ ಕಾಣದೆ ಇನ್ನೊಂದು ಚೈತ್ರವನ್ನು ಹೊಲಿದು ಸೇರಿಸಿದರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ಗೊತ್ತಿಲ್ಲದ ಪದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ನಡುವೆ ನಾನು ಎದ್ದು ಅಂಗಳದಲ್ಲಿ ಎರಡು ಸುತ್ತು ತಿರುಗಿ ಬಂದರೆ ಅದನ್ನೂ ಮನ್ನಿಸಬೇಕು. ಈ ಹೊತ್ತು ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನೆರಳು ಕಾಲಡಿಗೆ ಬಂದಾಗ ಊರಸಭೆ ಇದೆ. ಅಲ್ಲಿ ನಾನು ಒಂದು ಮಾತು ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ.

ನಿಮ್ಮನ್ನು ಹೇಗೆ ಕರೆಯುವುದೋ ಅದೂ ತಿಳಿಯದು. ಕಾಲದ ಲೆಕ್ಕ ನೋಡಿದರೆ ನೀವು ನನ್ನ ಅಜ್ಜಿಯ ಅಜ್ಜಿಗಿಂತ ಹಿರಿಯರು. ದನಿ ಕೇಳಿದರೆ ಇಪ್ಪತ್ತೈದರ ಹುಡುಗಿ. ನನಗೆ ಅರವತ್ತೊಂದು. ಹಾಗಾಗಿ ಬಹುವಚನವೇ ಇರಲಿ, ಯಾರಿಗೂ ನಷ್ಟವಿಲ್ಲ. ನಿಮ್ಮ ಹೆಸರು ನನಗೆ ಸಿಕ್ಕಿದ್ದು ಒಂದು ಚೀಟಿಯ ಮೇಲೆ: “ಮೆಹರ್. ಕಾಡಿನ ಎಲೆಕ್ಟ್ರಾನಿಕ್ ಮ್ಯೂಸಿಕ್ ಹಬ್ಬ. ಎರಡನೇ ದಿನ, ಬೆಳಿಗ್ಗೆ.” ಇಸವಿಯ ಕೊನೆಯ ಅಂಕಿ ಅಳಿಸಿಹೋಗಿದೆ. ಹಳೆಯ ಕಾಲದ ದನಿಗಳನ್ನು ಕಾಪಿಟ್ಟ ಕಲ್ಲುಕೋಣೆಯೊಂದು ನಮ್ಮ ಊರಿನಲ್ಲಿದೆ, ನಾದಕಣಜ ಎನ್ನುತ್ತೇವೆ. ಅಲ್ಲಿ ಯಾರ ದನಿಯನ್ನು ತೆರೆದು ಕೇಳಿದೆವೋ ಅವರಿಗೆ ಒಂದು ಹಿಂದೋಲೆ ಬರೆದಿಡಬೇಕೆಂಬುದು ನಿಯಮ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಅದು ತಲುಪುತ್ತದೆ ಎಂದು ಯಾರೂ ನಂಬಿಲ್ಲ. ಒಬ್ಬರ ಮನೆಗೆ ಅವರಿಲ್ಲದಾಗ ಹೊಕ್ಕವರು ಬಾಗಿಲಲ್ಲೊಂದು ಚೀಟಿ ಸಿಕ್ಕಿಸಿ ಬರುವಂಥ ಮರ್ಯಾದೆ, ಅಷ್ಟೆ. ಹೆಚ್ಚಿನವರು “ಕೇಳಿದೆವು, ಸಂತೋಷವಾಯಿತು” ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ಹಿಂದೆ ನಾನೂ ಹಾಗೆ ಮಾಡಿದವಳೇ.

ನನ್ನ ಹೆಸರು ಹೊನ್ನೂರವ್ವ. ಹತ್ತೊಂಬತ್ತು ವರ್ಷದಿಂದ ಊರಿನಲ್ಲಿ ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿಲ್ಲ. ಎಲ್ಲರಿಗೂ ನಾನು “ಕಿವಿಯವರು”. ಈ ಕಾಡಿನ ಕಾಡುಗಿವಿ ನಾನು. ಅದೇನು ಎಂದು ಹೇಳುವ ಮೊದಲು ಕಾಡಿನ ಕಥೆ ಹೇಳಬೇಕು. ನಿಮ್ಮ ಕಾಲದಲ್ಲಿ ಈ ಗುಡ್ಡಗಳಲ್ಲಿ ಒಂದಿಷ್ಟು ಕಾಡಿತ್ತು, ಒಂದಿಷ್ಟು ಅದಿರು ಅಗೆದ ಗುಂಡಿಯಿತ್ತು. ನಿಮ್ಮ ನಂತರ ಗುಂಡಿಗಳೇ ಕಾಡನ್ನು ನುಂಗಿದವು. ಅಗೆಯಲು ಏನೂ ಉಳಿಯದಾದಾಗ ಅಗೆಯುವವರು ಹೊರಟುಹೋದರು. ಮುಂದೆ ಬಹಳ ವರ್ಷ ಇಲ್ಲಿ ಕೆಂಪು ದೂಳು ಬಿಟ್ಟು ಬೇರೇನೂ ಏಳಲಿಲ್ಲವಂತೆ. ಆಮೇಲೆ ಬಂದರಿಕೆ ಗಿಡ ಬಂತು, ಕಾರೆ ಬಂತು, ಕಮರ ಬಂತು. ಮರಗಳ ಮೇಲೆ ಅವುಗಳ ರಸ ಹೀರುವ ಬದನಿಕೆ ಹಬ್ಬಿತು. ಬದನಿಕೆಯ ಹಣ್ಣಿಗೆ ಬೆರಳಿನಷ್ಟೇ ಗಾತ್ರದ ಒಂದು ಹಕ್ಕಿ ಬಂತು. ಅದರ ಕೂಗು ಅದೆಷ್ಟು ಸಣ್ಣ, ಅದೆಷ್ಟು ಮೊನಚು ಎಂದರೆ ನಾವು ಅದನ್ನು ಸೂಜಿಹಕ್ಕಿ ಎಂದೇ ಕರೆಯುತ್ತೇವೆ. ನಿಮ್ಮವರು ಏನನ್ನುತ್ತಿದ್ದರೋ ಕಾಣೆ. ಅದು ಮೊದಲ ಸಲ ಕೂಗಿದ ದಿನವನ್ನೇ ನಮ್ಮ ಹಿರಿಯರು ಕಾಡು ಮರಳಿದ ದಿನವೆಂದು ಬರೆದಿಟ್ಟರು. ನಮ್ಮ ವರ್ಷಗಳ ಎಣಿಕೆ ಅಲ್ಲಿಂದ ಶುರು.

ಒಮ್ಮೆ ಕಳೆದುಕೊಂಡವರಲ್ಲವೇ, ಹಿರಿಯರು ಹೆದರಿದ್ದರು. ಕಾಡಿನೊಳಗೆ ಯಾರೂ ಗಟ್ಟಿ ಸದ್ದು ಮಾಡಕೂಡದೆಂದು ಕಟ್ಟು ಮಾಡಿದರು. ಆದರೆ ಹರೆಯದವರ ಕಾಲು ಸುಮ್ಮನಿರುತ್ತದೆಯೇ? ಬೇಡಿ, ಕಾಡಿ, ವರ್ಷಕ್ಕೊಂದು ದಿನ ಕಾಡಿನ ನಡುವೆ ಮಿಂಚುನಾದದ ಹಬ್ಬ ನಡೆಸಲು ಒಪ್ಪಿಗೆ ಪಡೆದರು. ನೀವು ಎಲೆಕ್ಟ್ರಾನಿಕ್ ಮ್ಯೂಸಿಕ್ ಎನ್ನುತ್ತಿದ್ದುದನ್ನೇ ನಾವು ಮಿಂಚುನಾದ ಎನ್ನುತ್ತೇವೆ. ಒಪ್ಪಿಗೆಗೊಂದು ಷರತ್ತು ಇತ್ತು. ಸೂಜಿಹಕ್ಕಿ ಕೂಗುತ್ತಿರುವವರೆಗೆ ಹಬ್ಬ ನಡೆಯಬಹುದು, ಅದು ಬಾಯಿ ಮುಚ್ಚಿದರೆ ಹಬ್ಬವೂ ಬಾಯಿ ಮುಚ್ಚಬೇಕು. ಹಕ್ಕಿ ಕೂಗಿತೇ ಇಲ್ಲವೇ ಎಂದು ಕೇಳಿ ಹೇಳಲು ಒಬ್ಬರನ್ನು ನೇಮಿಸಿದರು. ಅವರೇ ಕಾಡುಗಿವಿ. ಕಿವಿಯ ಮಾತಿಗೆ ಎದುರಿಲ್ಲ. ಹಕ್ಕಿಯ ವಿಷಯವಾಗಿ ಹಬ್ಬದಲ್ಲಾಗಲಿ ಊರಲ್ಲಾಗಲಿ ಬೇರೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಹತ್ತು ಜನ ಹತ್ತು ಥರ ಹೇಳಿ ಜಗಳವಾಗದಿರಲಿ ಎಂದು ಮಾಡಿದ ನಿಯಮವದು. ಚೆನ್ನಾಗಿಯೇ ಇತ್ತು, ಈಚಿನವರೆಗೆ.

ಹಬ್ಬವನ್ನು ನೀವು ನೋಡಬೇಕಿತ್ತು. ಇನ್ನೂರು ಜನವೂ ಇರುವುದಿಲ್ಲ. ಸೂರ್ಯ ಗುಡ್ಡ ದಾಟುವ ಮೊದಲೇ ಸುತ್ತಲ ಊರುಗಳಿಂದ ಬಿಸಿಲುಹಾಸು ಕಂಕುಳಲ್ಲಿಟ್ಟುಕೊಂಡು ನಡೆದು ಬರುತ್ತಾರೆ. ಬಿಸಿಲುಹಾಸು ಎಂದರೆ ಚಾಪೆಯಂತೆ ಸುತ್ತಿಡಬಹುದಾದ, ಬಿಸಿಲನ್ನು ಕರೆಂಟು ಮಾಡುವ ಹಾಸು. ಕೂಡಿಟ್ಟ ಕರೆಂಟು ಆಸ್ಪತ್ರೆಗೆ, ನೀರಿನ ಪಂಪಿಗೆ ಮೀಸಲು, ಕುಣಿಯುವುದಕ್ಕೆಲ್ಲ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಹಾಸನ್ನು ಬಯಲಿನಲ್ಲಿ ಬಿಚ್ಚಿ ನಡುವಿನ ತಂತಿಗೆ ಸೇರಿಸುತ್ತಾರೆ. ಹಾಸು ಮರೆತು ಬಂದವರು ಪಾತ್ರೆ ತೊಳೆಯಬೇಕು. ಸ್ಪೀಕರ್ ಡಬ್ಬಿಗಳನ್ನು ಮೊಣಕಾಲಾಳ ಗುಂಡಿ ತೋಡಿ ಮಣ್ಣಿಗೆ ಮುಖ ಮಾಡಿ ಇಡುತ್ತಾರೆ. ಸದ್ದು ಮರಕ್ಕಿಂತ ನೆಲಕ್ಕೆ ಹೆಚ್ಚು ಹೋಗಲಿ ಎಂದು. ಹಾಗಾಗಿ ಎಲ್ಲರೂ ಬರಿಗಾಲಲ್ಲೇ ಕುಣಿಯುವುದು. ಮೋಡ ಬಂದರೆ ನಾದ ಸೊರಗಿ ಹಸಿದ ಕರುವಿನಂತೆ ನರಳುತ್ತದೆ. ಆಗ ಕುಣಿತ ನಿಲ್ಲಿಸಿ ಎಲ್ಲರೂ ಮುಖ ಮೇಲೆತ್ತಿ ಮೋಡಕ್ಕೆ ಬಯ್ಯಬೇಕು. ಬಯ್ಗುಳ ಹೊಸದಿರಬೇಕು, ಕಳೆದ ವರ್ಷದ್ದನ್ನೇ ಬಯ್ದವರನ್ನು ಮಕ್ಕಳೂ ನಗೆಯಾಡುತ್ತಾರೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ. ನೂರಾರು ವರ್ಷದಲ್ಲಿ ಗುಡ್ಡ ಹೋಗಿ ಗುಡ್ಡ ಬಂದರೂ ಮಂಡಕ್ಕಿ ಒಗ್ಗರಣೆಗೆ ಏನೂ ಆಗಿಲ್ಲ, ನೀವು ಚಿಂತೆ ಮಾಡಬೇಡಿ.

ಬೆಳಗಿನ ನಾದಗಳು ಮೆತ್ತಗಿರುತ್ತವೆ. ಬಿಸಿಲೇರಿ ಸದ್ದೂ ಏರುವ ಮೊದಲು, ನಡುಹಗಲಿಗೆ ಸ್ವಲ್ಪ ಮುಂಚೆ, ಕಿವಿಬಿಡುವು ಬರುತ್ತದೆ. ಎಲ್ಲ ತಿರುಪುಗಳನ್ನೂ ಸೊನ್ನೆಗೆ ತಿರುಗಿಸುತ್ತಾರೆ. ಕುಣಿಯುತ್ತಿದ್ದವರು ಇದ್ದಲ್ಲೇ ನಿಲ್ಲುತ್ತಾರೆ, ಎತ್ತಿದ ಕಾಲನ್ನು ಸದ್ದಿಲ್ಲದೆ ಇಳಿಸುತ್ತಾರೆ. ಅವರಿಗೆ ಬೆನ್ನು ಹಾಕಿ ಬಂಡೆಯ ಮೇಲೆ ಕೂತ ಕಾಡುಗಿವಿ ನೂರು ಉಸಿರು ಎಣಿಸುತ್ತಾ ಕೇಳಬೇಕು. ಹಕ್ಕಿ ಕೂಗಿತೋ, ಹಸಿರು ಬಟ್ಟೆ ಬೀಸುವುದು, ಹಬ್ಬ ಸಂಜೆಯವರೆಗೆ. ಕೂಗಲಿಲ್ಲವೋ, ಕೆಂಪು ಬಟ್ಟೆ. ಎಲ್ಲರೂ ಹಾಸು ಸುತ್ತಿಕೊಂಡು ಮನೆಗೆ. ಸತತ ಮೂರು ವರ್ಷ ಕೆಂಪು ಬಿದ್ದರೆ ಕಾಡು ಒಲ್ಲೆ ಎಂದಿತೆಂದು ಅರ್ಥ. ಆಮೇಲೆ ಹಬ್ಬ ಇನ್ನೆಂದೂ ಇಲ್ಲ.

ಈ ವರ್ಷ, ಒಂಬತ್ತು ದಿನದ ಹಿಂದೆ, ನಾನು ಮೂರನೆಯ ಕೆಂಪು ಬಟ್ಟೆಯನ್ನು ಎತ್ತಿದೆ.

ಈಗಷ್ಟೇ ಎದ್ದು ಹೋಗಿ ಬಂದೆ. ಚಹಾ ಪೂರ್ತಿ ಆರಿದೆ, ಮೇಲೆ ಕೆನೆ ಕಟ್ಟಿದೆ. ಮುಂದಿನದನ್ನು ಬರೆಯಲು ಕೈ ಹಿಂದೆಗೆಯುತ್ತಿದೆ, ಆದರೂ ಬರೆಯುತ್ತೇನೆ.

ನನಗೊಬ್ಬ ತಮ್ಮನಿದ್ದಾನೆ, ತಿಪ್ಪೇಶ. ನನಗಿಂತ ಎಂಟು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದವನು. ಗುಂಡಿಗಳ ಅಡಿಯಲ್ಲಿ ಸಿಗುವ ನಿಮ್ಮ ಕಾಲದ ಮುರಿದ ಯಂತ್ರಗಳನ್ನು ಹೆಕ್ಕಿ ತಂದು ತಾನೇ ಒಂದು ನಾದದ ಮಣೆ ಕಟ್ಟಿಕೊಂಡಿದ್ದಾನೆ, ಮಣೆಯ ತುಂಬ ತಿರುಪುಗಳು, ತಂತಿಗಳು. ಊರಿನ ಮಣ್ಣುಕಾವಲಿನ, ಎಂದರೆ ಗುಡ್ಡದ ಮಣ್ಣು ಕೊಚ್ಚಿಹೋಗದಂತೆ ಕಾಯುವ, ಕೆಲಸ ಬಿಟ್ಟು ಅವನು ಇದಕ್ಕೆ ಕೂತಾಗ “ತಿರುಪು ತಿರುವೋದೂ ಒಂದು ಕೆಲಸಾನೇನೋ?” ಎಂದು ನಾಲ್ಕು ಜನರ ಮುಂದೆ ಕೇಳಿದ್ದೆ. ಅವನದನ್ನು ಮರೆತಿಲ್ಲ. ಏಳು ವರ್ಷ ಕೂತು ಅವನೊಂದು ನಾದ ಕಟ್ಟಿದ. ಗುಂಡಿ ಅಗೆಯುವುದರಿಂದ ಶುರುವಾಗಿ ಗುಂಡಿಯಲ್ಲಿ ಮರ ಏಳುವವರೆಗೆ ಅದು ಹೋಗುತ್ತದಂತೆ. ಅದಕ್ಕೆ ತಲೆಯ ಮೇಲಿನ ಪೂರ್ತಿ ಬಿಸಿಲು ಬೇಕು, ಆದ್ದರಿಂದ ಅವನ ಸರದಿ ಕಿವಿಬಿಡುವು ಮುಗಿದ ಕೂಡಲೇ. ಎರಡು ವರ್ಷದ ಹಿಂದೆ ಅದು ಸಿದ್ಧವಾಯಿತು. ಆ ವರ್ಷವೇ ಮೊದಲ ಕೆಂಪು ಬಿತ್ತು. ಹೋದ ವರ್ಷ ಎರಡನೆಯದು. ಈ ವರ್ಷ ಅವನು ಮಣೆಯ ಮುಂದೆ ನಿಂತು, ಎರಡೂ ಕೈ ತಿರುಪಿನ ಮೇಲಿಟ್ಟು, ನನ್ನ ಬೆನ್ನನ್ನೇ ನೋಡುತ್ತಿದ್ದನಂತೆ. ನಾನು ನೂರಲ್ಲ, ನೂರ ನಲವತ್ತು ಉಸಿರು ಎಣಿಸಿದೆ. ದೇವರಾಣೆಗೂ ಎಣಿಸಿದೆ. ಗಾಳಿ ಕೇಳಿಸಿತು, ಯಾರೋ ಕೆಮ್ಮನ್ನು ನುಂಗಿಕೊಂಡದ್ದು ಕೇಳಿಸಿತು, ದೂರದ ಹಳ್ಳದಲ್ಲಿ ಎಮ್ಮೆ ನೀರಿಗಿಳಿದದ್ದು ಕೂಡ ಕೇಳಿಸಿತು. ಹಕ್ಕಿ ಕೂಗಲಿಲ್ಲ.

ಬಟ್ಟೆ ಎತ್ತಿ ತಿರುಗಿದಾಗ ಜನ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಆಗ ಅದನ್ನು ದುಃಖ ಎಂದುಕೊಂಡಿದ್ದೆ. ತಿಪ್ಪೇಶ ತಂತಿಗಳನ್ನು ಸುತ್ತಿಟ್ಟು, ಬಂಡೆಯವರೆಗೆ ನಡೆದು ಬಂದು, “ಸಮಾಧಾನ ಆತಲ್ಲ, ಕಿವಿಯವರೇ,” ಎಂದ. ಅಷ್ಟೇ. ಅಕ್ಕ ಎನ್ನಲಿಲ್ಲ, ಅನ್ನುವುದನ್ನು ಬಿಟ್ಟು ಎರಡು ವರ್ಷವಾಗಿದೆ. ನನಗೆ ಉರಿದುಹೋಯಿತು. ಹಕ್ಕಿ ಕೂಗದಿದ್ದರೆ ನಾನೇನು ಕೊಂಬೆಯ ಮೇಲೆ ಕೂತು ಕೂಗಲೇ?

ಮೂರನೆಯ ಕೆಂಪಿನ ಬಳಿಕ ಕಾಡುಗಿವಿ ಸಭೆಗೆ ಒಂದು ಕಡೆಯ ವರದಿ ಕೊಡಬೇಕು. ಜೊತೆಗೆ ಕಣಜದಿಂದ ಹಕ್ಕಿಯ ಹಳೆಯ ದನಿಯೊಂದನ್ನು ಆರಿಸಿ ಕೇಳಿಸಬೇಕು, ಹೀಗೊಂದು ಇತ್ತು ಎಂದು ಎಲ್ಲರಿಗೂ ನೆನಪಿರಲಿ ಎಂದು. ಹಾಗೆ ಅವತ್ತು ಸಂಜೆಯೇ ನಾನು ಕಣಜಕ್ಕೆ ಹೋದೆ. ಅದನ್ನು ನೋಡಿಕೊಳ್ಳುವ ಜಂಬಕ್ಕ ಕಪಾಟು ತಡಕಾಡಿ ನಿಮ್ಮ ಧ್ವನಿಮುದ್ರಿಕೆ ತಂದು, ಕಿವಿಬಟ್ಟಲುಗಳನ್ನು ನನ್ನ ತಲೆಗೆ ಸಿಕ್ಕಿಸಿದಳು. ಹಿಂದೆ ದೂರದಲ್ಲಿ ಧಂ ಧಂ ಎಂಬ ನಾದ. ಎಲೆ ತುಳಿದ ಸದ್ದು. ಆಮೇಲೆ ನೀವು ಪಿಸುಗುಟ್ಟಿದಿರಿ: “ವೀರೂ, ಶ್. ಅಗಾ. ಕೇಳಿಸ್ತಾ?” ಸುಮ್ಮನೆ ಗಾಳಿ. ಮತ್ತೆ ನೀವು: “ಅಗಾ, ಮತ್ತೆ ಕೂಗ್ತು!” ಮತ್ತೆ ಗಾಳಿ. ಕಿವಿಬಟ್ಟಲು ಕಿತ್ತು ಮೇಜಿನ ಮೇಲಿಟ್ಟು, “ಇದು ಹಾಳಾಗೈತೆ ಜಂಬಕ್ಕ, ಬರೀ ಮಾತು ಉಳಿದಾವು, ಬೇರೆ ಕೊಡು,” ಎಂದೆ. ಅವಳು ತಾನು ಹಾಕಿಕೊಂಡು ಕೇಳಿದಳು. ಅವಳ ಹುಬ್ಬು ಮೇಲೇರಿತು. “ಚಲೋ ಐತಲ್ರೀ ಕಿವಿಯವರೇ. ಕಿವ್ಯಾಗೆ ಸೂಜಿ ಚುಚ್ಚಿದಂಗೆ ಕೂಗ್ತೈತೆ,” ಎಂದಳು. ಕಾಡಿನ ಹಕ್ಕಿಯ ಬಗ್ಗೆಯಾದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಇದು ಕಪಾಟಿನ ಹಕ್ಕಿ, ಇದರ ಬಗ್ಗೆ ನಿಯಮವಿರಲಿಲ್ಲ.

ನಾನು ಏಳು ಸಲ ಕೇಳಿದೆ, ಮೆಹರ್ ಅವರೇ. ಏಳು ಸಲವೂ ನೀವು ಅಗಾ ಎಂದಲ್ಲಿ ನನಗೆ ಕೇಳಿಸಿದ್ದು ಗಾಳಿ.

ಆಮೇಲೆ ಒಂದೊಂದೇ ಹೊಳೆಯತೊಡಗಿತು. ನಾಲ್ಕು ವರ್ಷದಿಂದ ಜೀರುಂಡೆಗಳ ದನಿ ಕಡಿಮೆಯಾಗಿದೆ ಎಂದು ನಾನು ಸಭೆಗೆ ಉದ್ದುದ್ದ ವರದಿ ಬರೆದು ಗೋಳಾಡಿದ್ದೇನೆ. ಕಾಡು ಒಳಗಿಂದೊಳಗೆ ಬತ್ತುತ್ತಿದೆ ಎಂದು ಬರೆದ ಸಾಲನ್ನು ಶಾಲೆಯ ಮಕ್ಕಳಿಗೆ ಓದಿಸಿದರಂತೆ. ಓದಿ ಮನೆಗೆ ಹೋಗುವ ದಾರಿಯಲ್ಲಿ ಆ ಮಕ್ಕಳ ಕಿವಿಯ ತುಂಬ ಜೀರುಂಡೆ ಕಿರುಚಿರಬೇಕು. ಯಾರೂ ಏನೂ ಅನ್ನಲಿಲ್ಲ. ನಮಗೆ ಕೇಳಿಸದ್ದು ಕಿವಿಯವರಿಗೆ ಕೇಳಿಸುತ್ತದೆ ಎಂದುಕೊಂಡರು. ಕಿವಿಬಿಡುವಿನ ಮೌನದಲ್ಲಿ ಅಷ್ಟೂ ಜನ ಹಕ್ಕಿ ಕೂಗಿದ್ದನ್ನು ಕೇಳಿದ್ದಾರೆ, ನಾನು ಕೆಂಪು ಎತ್ತಿದ್ದನ್ನು ನೋಡಿದ್ದಾರೆ, ತಲೆ ತಗ್ಗಿಸಿ ಹಾಸು ಸುತ್ತಿದ್ದಾರೆ. ಆ ಕೂಗಿನಲ್ಲಿ ಏನೋ ಕೊರತೆ ನನಗೆ ತಿಳಿದಿರಬೇಕು ಎಂದು ಕೆಲವರು ಅಂದುಕೊಂಡಿರಬಹುದು. ನನ್ನ ತಮ್ಮ ಮಾತ್ರ ಬೇರೆ ಅಂದುಕೊಂಡಿದ್ದಾನೆ. ಅಕ್ಕ ಕೇಳಿಯೂ ಕೇಳದವಳಂತೆ ಮೂರು ವರ್ಷ ನನ್ನ ಬಾಯಿಗೆ ಬಟ್ಟೆ ತುರುಕಿದಳು ಎಂದು.

ಈಗ ನನ್ನ ಚಡಪಡಿಕೆ ನಿಮಗೆ ಅರ್ಥವಾಗಿರಬೇಕು. ಒಂಬತ್ತು ದಿನದಿಂದ ನಾನು ಒಂದು ಕಡೆ ನೆಟ್ಟಗೆ ಕೂತಿಲ್ಲ. ರೊಟ್ಟಿ ಬೇಯಿಸಲು ಹೋಗಿ ಹೆಂಚಿನ ಮೇಲೆ ಬಿಟ್ಟು ಅಂಗಳಕ್ಕೆ ಬರುತ್ತೇನೆ, ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಬಂಡೆಗೆ. ಬಂಡೆಯ ಮೇಲೆ ಕೂತು ಉಸಿರು ಬಿಗಿಹಿಡಿದು ಕೇಳುತ್ತೇನೆ. ಅಲ್ಲಿ ಮರದ ಮೇಲೆ ಸೂಜಿಹಕ್ಕಿ ಕೂತಿರುವುದು ಕಣ್ಣಿಗೆ ಕಾಣುತ್ತದೆ. ಕೊಕ್ಕು ತೆರೆಯುತ್ತದೆ, ಮುಚ್ಚುತ್ತದೆ. ನೋಡುತ್ತಾ ನನಗೆ ಅಳು ಬಂತು. ಅರವತ್ತೊಂದು ವರ್ಷದ ಹೆಂಗಸು ಒಂದು ಹಕ್ಕಿಯ ಮೇಲೆ ಸಿಟ್ಟಾಗಿ ಗಟ್ಟಿಯಾಗಿ ಕೂಗೇ ಎಂದು ಗದರಿದೆ, ಹೇಳಿದರೆ ನಗುತ್ತೀರಿ.

ತಪ್ಪಿಸಿಕೊಳ್ಳುವ ದಾರಿಯೂ ಇದೆ, ಅದೇ ನನ್ನನ್ನು ಕುಣಿಸುತ್ತಿರುವುದು. “ನಿನ್ನೆ ಸೂಜಿಹಕ್ಕಿ ಮರಳಿ ಬಂತು, ನನ್ನ ಕಿವಿಯಾರೆ ಕೇಳಿದೆ, ಮೂರನೆಯ ಕೆಂಪನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ” ಎಂದುಬಿಟ್ಟರೆ ಸಾಕು. ಜನ ಕೇಕೆ ಹಾಕುತ್ತಾರೆ. ಹಬ್ಬ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಜಂಬಕ್ಕನಿಗೆ ಅನುಮಾನ ಬಂದಿರಬಹುದು, ಆದರೆ ಅವಳು ಬಾಯಿ ಬಿಡುವವಳಲ್ಲ. ಮುಂದಿನ ವರ್ಷ ಏನು ಮಾಡಲಿ? ಸುಮ್ಮನೆ ಹಸಿರು ಬೀಸುತ್ತಾ ಹೋಗಬಹುದು. ನಿಜವಾಗಿ ಹಕ್ಕಿ ಹೋದ ದಿನವೂ ನಾನು ಹಸಿರೇ ಬೀಸುತ್ತಿರುತ್ತೇನೆ. ಅದಾದರೂ ಇರಲಿ ಎಂದುಕೊಳ್ಳುವಷ್ಟು ನಾನು ಕೆಟ್ಟವಳಾಗಬಲ್ಲೆ ಎಂಬುದು ಈ ಒಂಬತ್ತು ದಿನದಲ್ಲಿ ಗೊತ್ತಾಗಿದೆ. ತಡೆಯುತ್ತಿರುವುದು ತಿಪ್ಪೇಶ. ಆ ಸುಳ್ಳು ಹೇಳಿದರೆ ಅವನ ಲೆಕ್ಕದಲ್ಲಿ ನಾನು ಬೇಕೆಂದೇ ಮೂರು ವರ್ಷ ತಡೆದು, ಈಗ ಬೇಕೆಂದೇ ಬಿಟ್ಟವಳಾಗುತ್ತೇನೆ. ನಿಜ ಹೇಳಿದರೆ ಕಿವಿಯವರು ಎಂಬ ಹೆಸರು ಹೋಗುತ್ತದೆ. ಆ ಹೆಸರು ಬಿಟ್ಟರೆ ನನ್ನ ಬಳಿ ಏನಿದೆ ಎಂದು ನೋಡಿಕೊಂಡೆ. ಈ ಮನೆ, ಒಂದು ಹಾಸು, ಮಾತಾಡದ ಒಬ್ಬ ತಮ್ಮ.

ಇನ್ನೊಂದು ವಿಷಯ. ಏಳನೆಯ ಸಲ ಕೇಳುವಾಗ ಹಕ್ಕಿಯನ್ನು ಹುಡುಕುವುದು ಬಿಟ್ಟು ನಿಮ್ಮಿಬ್ಬರ ಮಾತಿಗೆ ಕಿವಿಗೊಟ್ಟೆ. ನೀವು “ಮತ್ತೆ ಕೂಗ್ತು” ಎಂದ ಮೇಲೆ ಆ ವೀರು ಎಂಬ ಗೆಳೆಯ ಹೇಳುತ್ತಾನೆ: “ಇಲ್ಲಲೇ ಮೆಹರ್, ನಂಗೇನೂ ಕೇಳಿಸ್ಲಿಲ್ಲ. ನಿನ್ನೆಯಿಂದ ಆ ಡಬ್ಬಿ ಮುಂದೇನೇ ನಿಂತು ಕಿವಿ ಗುಂಯ್ ಅಂತೈತೆ. ನಿಂಗೆ ಕೇಳಿಸ್ತಲ್ಲ, ಸಾಕು ಬಿಡು. ಐತೆ ಅಂತಾತು.” ಹೇಳಿ ನಗುತ್ತಾನೆ. ಅಷ್ಟು ಸಲೀಸಾಗಿ! ನನಗೆ ಕೇಳಿಸಲಿಲ್ಲ ಎಂಬ ಮಾತನ್ನು ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುವಂತೆ ಆಡಿ ಮುಗಿಸುತ್ತಾನೆ. ನಾನು ಅದನ್ನು ಮನೆಯಲ್ಲಿ ಒಬ್ಬಳೇ ಹೇಳಿ ನೋಡಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ.

ನೆರಳು ಹೊಸ್ತಿಲಿಗೆ ಬಂದಿದೆ. ನಾನು ಹೊರಡಬೇಕು.

ಅದೇ ದಿನ, ಇಳಿಹೊತ್ತು

ಮೆಹರ್ ಅವರೇ, ಸಭೆ ಮುಗಿಸಿ ಬಂದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ಸಭೆ ಹಬ್ಬದ ಬಯಲಿನಲ್ಲೇ ಸೇರಿತ್ತು. ಎಲ್ಲರ ಮುಖವೂ ಸಾವಿನ ಮನೆಗೆ ಬಂದವರ ಮುಖ. ಹಳೆಯ ದನಿಯನ್ನು ಎಲ್ಲರಿಗೂ ಕೇಳಿಸಲು ಸ್ಪೀಕರ್ ಬೇಕು, ಊರಲ್ಲಿರುವ ಒಳ್ಳೆಯ ಸ್ಪೀಕರ್ ತಿಪ್ಪೇಶನದು. ಅವನನ್ನು ಕೇಳುವುದೇ ಮೊದಲ ಕಷ್ಟವಾಯಿತು. “ಸ್ವಲ್ಪ ಹಚ್ಚಿ ಕೊಡ್ತೀಯೇನಪ್ಪ?” ಎಂದೆ. ಅವನು ಮುಖ ನೋಡದೆ ತಂತಿ ಸಿಕ್ಕಿಸಿದ. ಈ ಸಲ ಡಬ್ಬಿಗಳು ಗುಂಡಿಯಲ್ಲಿರಲಿಲ್ಲ, ಜನರ ಕಡೆಗೆ ಮುಖ ಮಾಡಿದ್ದವು. ನಾನು ಎದ್ದು ನಿಂತು, ಇದು ಹಳೆಯ ದನಿ, ಇದರ ಬಗ್ಗೆ ಮಾತಾಡಲು ನಿಯಮ ಅಡ್ಡಿ ಬರುವುದಿಲ್ಲ, ಹಕ್ಕಿ ಕೂಗಿದಾಗೆಲ್ಲ ಕೈ ಎತ್ತಿ ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಂಬಕ್ಕ ತಲೆ ತಗ್ಗಿಸಿದಳು.

ಧಂ ಧಂ ಬಂತು. ಎಲೆ ಸದ್ದು ಬಂತು. ಗಾಳಿ ಬಂತು. ಕೈಗಳು ಎದ್ದವು. ಮುದುಕರದು, ಮಕ್ಕಳದು, ರೊಟ್ಟಿ ಹಿಟ್ಟು ಮೆತ್ತಿದ್ದು, ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಮತ್ತೆ ಎದ್ದವು. ನನಗೆ ಗಾಳಿ ಮಾತ್ರ. ಮೂರನೆಯ ಸಲ ಎದ್ದಾಗ ನಾನು ತಿಪ್ಪೇಶನನ್ನು ನೋಡಿದೆ. ಅವನ ಕೈ ಮೇಲಿತ್ತು. ಅವನು ನನ್ನ ಕೈಗಳನ್ನು ನೋಡುತ್ತಿದ್ದ. ಅವು ಸೆರಗು ಹಿಂಡುತ್ತಾ ಕೆಳಗೇ ಇದ್ದವು.

“ನನಗೆ ಕೇಳಿಸಲಿ‍ಲ್ಲ,” ಎಂದೆ. ಮತ್ತೊಮ್ಮೆ ಹೇಳಿದೆ. “ಒಂದೂ ಕೇಳಿಸಲಿಲ್ಲ. ಈ ವರ್ಷನೂ ಕೇಳಿಸಿಲ್ಲ, ಹೋದ ವರ್ಷನೂ ಇಲ್ಲ, ಅದರ ಹಿಂದಿನ ವರ್ಷನೂ ಇಲ್ಲ. ಹಕ್ಕಿ ಐತೆ. ಹೋಗಿದ್ದು ನನ್ನ ಕಿವಿ.”

ಇಂಥದ್ದಕ್ಕೆ ಏನು ಮಾಡಬೇಕೆಂದು ನಮ್ಮ ಕಟ್ಟುಪಾಡಿನಲ್ಲಿ ಎಲ್ಲೂ ಬರೆದಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ಕೊನೆಗೆ, “ಕಿವಿಯವರು ಹಂಗೆಲ್ಲ ಅನ್ನಂಗಿಲ್ಲವ್ವ,” ಎಂದರು, ನಾನೇನೋ ಬೈದುಬಿಟ್ಟೆ ಎನ್ನುವ ಹಾಗೆ. ತಿರುಪು ಮುಚ್ಚಲು ತಿಪ್ಪೇಶ ಮರೆತಿದ್ದ. ಅಷ್ಟರಲ್ಲಿ ಸ್ಪೀಕರಿನಿಂದ ನಿಮ್ಮ ವೀರು ಬಯಲಿಗೆಲ್ಲ ಕೇಳುವಂತೆ, “ಇಲ್ಲಲೇ ಮೆಹರ್, ನಂಗೇನೂ ಕೇಳಿಸ್ಲಿಲ್ಲ,” ಎಂದ. ಮೊದಲು ಒಂದು ಮಗು ನಕ್ಕಿತು. ಆಮೇಲೆ ಜಂಬಕ್ಕ. ಆಮೇಲೆ ಇಡೀ ಬಯಲು. ನಾನೂ ನಕ್ಕೆ, ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು.

ನಗು ನಿಂತ ಮೇಲೆ ಎಲ್ಲರಿಗೂ ಒಟ್ಟಿಗೆ ಮಾತು ಬಂತು. ಮೂರು ವರ್ಷ ನುಂಗಿಕೊಂಡದ್ದಲ್ಲವೇ. ಕೆಲವರು ನನ್ನನ್ನು ಚೆನ್ನಾಗಿ ಬೈದರು, ಮೋಡಕ್ಕೆ ಬಯ್ಯುವುದಕ್ಕಿಂತ ಹೊಸದಾಗಿಯೇ ಬೈದರು. ನಾನು ಕೇಳಿಕೊಂಡೆ, ಅದೆಲ್ಲ ಚೆನ್ನಾಗಿ ಕೇಳಿಸಿತು. ಇನ್ನು ಮುಂದೆ ಕಾಡುಗಿವಿ ಒಬ್ಬರಾಗಿರಬಾರದು, ಬಿಡುವಿನಲ್ಲಿ ಎಲ್ಲರೂ ಕೈ ಎತ್ತಬೇಕು ಎಂದು ಒಬ್ಬರು, ಅದು ಹಿರಿಯರ ಮಾತಿಗೆ ಎದುರಾಡಿದಂತೆ ಎಂದು ಇನ್ನೊಬ್ಬರು. ಆ ಜಗಳ ಇನ್ನೂ ನಡೆದಿದೆ, ಮಳೆಗಾಲದವರೆಗೂ ನಡೆಯುತ್ತದೆ. ಆದರೆ ಕೇಳದ ಕಿವಿ ಎತ್ತಿದ ಕೆಂಪು ಕೆಂಪಲ್ಲ ಎಂಬುದಕ್ಕೆ ಎಲ್ಲರೂ ಒಪ್ಪಿದರು. ಅರ್ಧಕ್ಕೆ ನಿಂತ ಈ ವರ್ಷದ ಹಬ್ಬ ಬರುವ ಗುರುವಾರ ನಡುಹಗಲಿಗೆ ಮತ್ತೆ ಶುರು, ತಿಪ್ಪೇಶನ ನಾದದಿಂದಲೇ.

ಜನ ಗದ್ದಲದಲ್ಲಿದ್ದಾಗ ಅವನು ಬಂದು ನನ್ನ ಪಕ್ಕ ಮಣ್ಣಿನಲ್ಲಿ ಕುಕ್ಕರಿಸಿದ. ಆಮೇಲೆ ಎದ್ದು ಹೋಗಿ ನಿಮ್ಮ ದನಿಯನ್ನು ಮತ್ತೆ ಮೊದಲಿನಿಂದ ಹಚ್ಚಿ, ಬಂದು ಕೂತು, ನನ್ನ ಮೊಣಕಾಲಿನ ಮೇಲೆ ಒಂದು ಬೆರಳಿಟ್ಟ. ಧಂ ಧಂ. ಎಲೆ. ಗಾಳಿ. “ಅಕ್ಕಾ, ಇಗಾ,” ಎಂದು ಬೆರಳಿನಿಂದ ತಟ್ಟಿದ. ಸ್ವಲ್ಪ ಹೊತ್ತು ಬಿಟ್ಟು, “ಇಗಾ, ಮತ್ತೆ.” ಸಣ್ಣಗೆ, ಬೇಗ ಬೇಗ, ಎರಡು ತಟ್ಟು, ನಂತರ ಒಂದು. ಹಾಗೆ ಕೂಗುತ್ತದೆ ಅದು, ನನಗೆ ಮರೆತೇ ಹೋಗಿತ್ತು. ಕೊನೆಯವರೆಗೂ ತಟ್ಟಿದ. ಅವನಿಗೆ ಕೇಳಿಸಿದರೆ ಸಾಕು ಎನ್ನಿಸಿತು ನನಗೆ, ನಿಮ್ಮ ವೀರುವಿಗೆ ಅನ್ನಿಸಿದ ಹಾಗೆಯೇ. ಒಂಬತ್ತು ದಿನದಲ್ಲಿ ಮೊದಲ ಸಲ ನನ್ನ ಕಾಲು ಅಲ್ಲಾಡದೆ ಇತ್ತು.

ಗುರುವಾರ ಹಾಸು ಹೊತ್ತುಕೊಂಡು ಹೋಗುತ್ತೇನೆ. ಹತ್ತೊಂಬತ್ತು ವರ್ಷ ಬೆನ್ನು ಹಾಕಿ ಕೂತ ಹಬ್ಬ, ಈ ಸಲ ಬರಿಗಾಲಲ್ಲಿ ನಡುವೆ ನಿಲ್ಲುತ್ತೇನೆ. ನೆಲದ ನಾದ ಕಾಲಿಗೆ ಕೇಳಿಸಲು ಕಿವಿ ಬೇಕಿಲ್ಲವಂತೆ.

ನಿಮ್ಮಲ್ಲಿ ಒಂದು ಬೇಡಿಕೆ, ಅದಕ್ಕಾಗಿಯೇ ಇಷ್ಟೆಲ್ಲ ಬರೆದೆ. ಧ್ವನಿಮುದ್ರಿಕೆಯ ಕಡೆಯಲ್ಲಿ ನೀವು ವೀರುವಿಗೆ ಹೇಳುತ್ತೀರಿ: “ಥೂ, ನಿನ್ ಮಾತೆಲ್ಲ ಇದ್ರಾಗೆ ಬಂತು. ಹಕ್ಕಿ ಅಷ್ಟೇ ಇಟ್ಕಂಡು ಇದನ್ನ ಆಮ್ಯಾಕೆ ಕಟ್ ಮಾಡ್ತೀನಿ.” ಈ ಓಲೆ ತಲುಪುವುದಿಲ್ಲವೆಂದು ನನಗೂ ಗೊತ್ತು. ಒಂದು ವೇಳೆ ತಲುಪಿದರೆ, ಹಬ್ಬ ಮುಗಿಸಿ ಮನೆಗೆ ಹೋಗಿ ಅದನ್ನು ಕತ್ತರಿಸಲು ಕೂತಾಗ, ದಯವಿಟ್ಟು ಕೈ ತಡೆಯಿರಿ. ಹಕ್ಕಿಯ ದನಿ ಈ ಕಾಡಿನಲ್ಲಿ ಇನ್ನೂ ಇದೆ, ಕಣಜದಲ್ಲಿ ಬೇರೆ ಹತ್ತು ಇವೆ. ನಿಮ್ಮ ಗೆಳೆಯನ ಮಾತು ಇರುವುದು ಇದೊಂದರಲ್ಲೇ. ಅದನ್ನು ಕಟ್ ಮಾಡಬೇಡಿ.

ಇಂತು,
ಹೊನ್ನೂರವ್ವ
ಕೆಂಪುಗುಂಡಿ